ಮುಪ್ಪನ್ನು ಮರೆಮಾಚುವ ದೀಪ

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳ ಸೀಮೆಯನ್ನು ಸಗರನಾಡು ಎಂದು ಕರೆಯುವುದುಂಟು. ಈ ನಾಡಿನ ಹುಣಸಗಿ ಕಣಿವೆಯಲ್ಲಿ ಇಸಾಂಪುರವೆಂಬ ಹಳ್ಳಿಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನಶಾಸ್ತ್ರಜ್ಞರಾದ ಕೆ. ಪದ್ದಯ್ಯನವರೂ ಅವರ ಸಂಗಡಿಗರೂ ಅಲ್ಲಿ ನೆಲವನ್ನು ಅಗೆದು ನೋಡಿದಾಗ, ಆದಿಮಾನವನು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಒಂದು ಕಮ್ಮಟವೇ ಬೆಳಕಿಗೆ ಬಂದಿತು. ಅದರ ವಯಸ್ಸು ಹತ್ತು ಲಕ್ಷ ವರ್ಷಗಳಿಗೂ ಮೇಲ್ಪಟ್ಟದ್ದೆಂದು ಅವರು ಎಣಿಸಿದ್ದಾರೆ. ಆ ಕಲ್ಲಿನ ಕೊಡಲಿಯಲ್ಲಿ ನಾವು ಮೆಚ್ಚಬೇಕಾದ ಗುಣವೊಂದಿತ್ತು. ಅದರ ಅಲಗು ಮೊಂಡಾದರೆ ಹಿಡಿದವನ ಕಣ್ಣಿಗೂ ಕೈಗೂ ಕೂಡಲೆ ತಿಳಿಯುತ್ತಿತ್ತು. ಉಪಕರಣದ ಮುಪ್ಪು ಅದರ ಮೈಮೇಲೆಯೇ ಬರೆದಿರುತ್ತಿತ್ತು. ಅದನ್ನು ಎಷ್ಟು ನಂಬಬಹುದು, ಎಂದು ಬಿಸಾಡಬೇಕು ಎಂಬುದನ್ನು ಅವನು ಬೇರೊಬ್ಬರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ.

ಅದೇ ಕಣಿವೆಯ ರೈತನ ಕೈಯಲ್ಲಿ ಇಂದು ಇರುವ ಉಪಕರಣಗಳಲ್ಲಿ ಒಂದು ಟಾರ್ಚು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಟಾರ್ಚೆಂಬ ಹೆಸರೂ ಇಲ್ಲ. ಜನ ಅದನ್ನು 'ಬ್ಯಾಟರಿ' ಎಂದೇ ಕರೆಯುತ್ತಾರೆ. ಹೆಸರು ತಪ್ಪಾದರೂ ಅದರಲ್ಲಿ ಒಂದು ಸತ್ಯವುಂಟು. ಟಾರ್ಚಿನಲ್ಲಿ ಮುಖ್ಯವಾದದ್ದು ದೀಪವಲ್ಲ, ಅದರ ಹೊಟ್ಟೆಯೊಳಗಿನ ವಿದ್ಯುತ್ಕೋಶ. ಈ ಕೋಶದ ಆಯುಸ್ಸೆಷ್ಟು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ನಂಬಿಕೆಗೆ ಆಧಾರವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಈ ವಿಷಯದಲ್ಲಿ ಕೊಳ್ಳುವವರಿಗೆ ಇಂದು ನ್ಯಾಯ ದೊರೆಯುತ್ತಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದೆ ಇಡುತ್ತೇವೆ.

ಮೊದಲು ಇದರಿಂದ ಆಗುವ ಹಾನಿಯನ್ನು ಕುರಿತು ಎರಡು ಮಾತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆಯ ನೀರು ಸಗರನಾಡಿನ ಬಯಲಿಗೆ ಭತ್ತವನ್ನೂ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ತಂದಿದೆ. ಆದರೆ ನೀರಿನ ಸರದಿ ರೈತನ ನಿದ್ದೆಯನ್ನು ನೋಡಿ ಬರುವುದಿಲ್ಲ. ಪಂಪ್‌ಸೆಟ್ಟುಗಳಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಸಹ ಎಷ್ಟೋ ಸಲ ರಾತ್ರಿಯ ಹೊತ್ತಿನಲ್ಲಿಯೇ ಬರುತ್ತದೆ. ಆದುದರಿಂದ ನಡುರಾತ್ರಿಯಲ್ಲಿ ಬದುವಿನ ಮೇಲೆ ನಡೆದು ನೀರು ಹಾಯಿಸುವುದು ಇಲ್ಲಿ ಸಾಮಾನ್ಯ. ಕೊಳಕುಮಂಡಲ, ಕಟ್ಟುಹಾವು, ನಾಗರಹಾವುಗಳು ಇಲಿ ಕಪ್ಪೆಗಳನ್ನು ಅರಸಿ ಸಂಚರಿಸುವುದೂ ಅದೇ ಬದುಗಳ ಮೇಲೆ. 2000 ದಿಂದ 2019 ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಮಂದಿಯೆಂದು 2020 ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಹೆಚ್ಚಿನವರು ಹಳ್ಳಿಗಾಡಿನವರು. 2024 ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಸಾಲಿಗೆ ಸೇರಿಸಿತು. ಹೀಗಿರಲು ಬದುವಿನ ಮೇಲೆ ಟಾರ್ಚು ಆರಿಹೋಗುವುದು ಅನಾನುಕೂಲವಷ್ಟೇ ಅಲ್ಲ, ಪ್ರಾಣಸಂಕಟವೂ ಹೌದು.

ಹಳೆಯ ಕಾಲದ ಟಾರ್ಚು ಹೇಗೆ ಸಾಯುತ್ತಿತ್ತು ಎಂಬುದನ್ನು ಹಿರಿಯರು ಬಲ್ಲರು. ಅದರಲ್ಲಿ ಒಣಕೋಶಗಳೂ ತಂತಿಯ ಬುರುಡೆಯೂ ಇದ್ದವು, ಇವುಗಳ ನಡುವೆ ಬೇರೇನೂ ಇರಲಿಲ್ಲ. ಕೋಶದ ವೋಲ್ಟೇಜು ಇಳಿದಂತೆಲ್ಲ ಬೆಳಕು ಮಂಕಾಗುತ್ತಿತ್ತು; ಬಿಳಿಯದು ಹಳದಿಯಾಗಿ, ಹಳದಿಯದು ಕೆಂಪಾಗಿ, ಕೊನೆಗೆ ಕೆಂಡದಂತೆ ಮಿನುಗಿ ಆರುತ್ತಿತ್ತು. ಮಂಕಾದ ಮೊದಲ ದಿನವೇ ಮನೆಯವರು ಸಂತೆಯಿಂದ ಹೊಸ ಸೆಲ್ಲುಗಳನ್ನು ತರುತ್ತಿದ್ದರು. ಔಷಧಿ ಸಿಂಪಡಿಸುವ ಸಾದಾ ಬ್ಯಾಟರಿ ಪಂಪಿನಲ್ಲಿ ಈಗಲೂ ಇದೇ ಗುಣವನ್ನು ಕಾಣಬಹುದು. ಅದರ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸೋತಂತೆ ಮೋಟಾರಿನ ದನಿ ಇಳಿಯುತ್ತದೆ, ತುಂತುರು ಸಣ್ಣದಾಗುತ್ತದೆ. ಹತ್ತಿಗೆ 'ಎಣ್ಣೆ ಹೊಡೆಯುವ' ರೈತನು ಕಿವಿಯಿಂದಲೇ ಬ್ಯಾಟರಿಯ ಸ್ಥಿತಿಯನ್ನು ಅರಿಯುತ್ತಾನೆ.

ಹೊಸ ಬಗೆಯ ಟಾರ್ಚು ಹಾಗಲ್ಲ. ಅದರಲ್ಲಿರುವುದು ಲಿಥಿಯಮ್-ಅಯಾನ್ ಕೋಶ. 1991 ರಲ್ಲಿ ಜಪಾನಿನ ಸೋನಿ ಸಂಸ್ಥೆ ಮಾರಾಟಕ್ಕೆ ತಂದ ಈ ಬಗೆಯ ಕೋಶಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019 ರ ನೊಬೆಲ್ ಪಾರಿತೋಷಕ ಸಂದಿತು. ಪೂರ್ಣವಾಗಿ ಚಾರ್ಜಾದಾಗ ಈ ಕೋಶದ ವೋಲ್ಟೇಜು 4.2, ಬರಿದಾಗುವ ಹೊತ್ತಿಗೆ ಅದು 3 ರ ಆಸುಪಾಸಿಗೆ ಇಳಿದಿರುತ್ತದೆ. ಕೋಶವನ್ನು ನೇರವಾಗಿ ಒಂದು ರೋಧದ ತಂತಿಗೆ ಜೋಡಿಸಿದೆವೆನ್ನಿ. ವಿದ್ಯುತ್ ಸಾಮರ್ಥ್ಯವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, 4.2 ವೋಲ್ಟಿನಲ್ಲಿ 100 ಪಾಲು ದೊರೆತ ಸಾಮರ್ಥ್ಯ 3.2 ವೋಲ್ಟಿನಲ್ಲಿ 58 ಪಾಲಿಗೆ ಕುಸಿಯುತ್ತದೆ. ಇದನ್ನು ತಪ್ಪಿಸಲು ಕೋಶಕ್ಕೂ ದೀಪಕ್ಕೂ ನಡುವೆ ನಿಯಂತ್ರಕವೆಂಬ ಒಂದು ಸಣ್ಣ ವಿದ್ಯುನ್ಮಂಡಲವನ್ನು ಇಡುತ್ತಾರೆ. ಕೋಶ ಎಷ್ಟೇ ಇಳಿದರೂ ದೀಪಕ್ಕೆ ಸಲ್ಲುವ ಸಾಮರ್ಥ್ಯವನ್ನು ಒಂದೇ ಸಮನಾಗಿ ಕಾಯುವುದು ಅದರ ಕೆಲಸ. ಅತಿಯಾಗಿ ಚಾರ್ಜಾಗದಂತೆ, ಅತಿಯಾಗಿ ಬರಿದಾಗದಂತೆ, ಎರಡು ತುದಿಗಳು ತಾಗಿದಾಗ ಪ್ರವಾಹ ನುಗ್ಗದಂತೆ ನೋಡಿಕೊಳ್ಳುವ ಕಾವಲು ಮಂಡಲವನ್ನೂ ಇದರ ಜೊತೆಯಲ್ಲಿ ಅಳವಡಿಸುವುದುಂಟು. ಇವು ಉಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಉಪಕಾರದ ಹಿಂದೆಯೇ ಒಂದು ಅಪಕಾರವೂ ಅಡಗಿದೆ. ಲೆಕ್ಕ ಹಾಕಿ ನೋಡೋಣ. 5 ವಾಟ್ ಬಳಸುವ ಟಾರ್ಚಿಗೆ 4.2 ವೋಲ್ಟಿನಲ್ಲಿ ಸುಮಾರು 1.2 ಆಂಪೇರ್ ಪ್ರವಾಹ ಸಾಕು. ವೋಲ್ಟೇಜು 3.2 ಕ್ಕೆ ಇಳಿದಾಗ ಅದೇ 5 ವಾಟನ್ನು ಒದಗಿಸಲು ಸುಮಾರು 1.6 ಆಂಪೇರ್ ಬೇಕು. ಎಂದರೆ ಎತ್ತು ದಣಿದಷ್ಟೂ ನೊಗದ ಭಾರ ಹೆಚ್ಚುತ್ತದೆ. ಆದರೂ ಬೆಳಕು ಎಳ್ಳಷ್ಟೂ ಕುಂದುವುದಿಲ್ಲ. ಕೋಶವು ತೀರ ಬರಿದಾದ ಕ್ಷಣದಲ್ಲಿ ಮಾತ್ರ ಕಾವಲು ಮಂಡಲವು ಪ್ರವಾಹವನ್ನು ಕಡಿದುಹಾಕುತ್ತದೆ. ಹಗಲಿನಂತಿದ್ದ ಬೆಳಕು ಒಮ್ಮೆಗೇ ಕತ್ತಲಾಗುತ್ತದೆ. ಬಳಸುವವನಿಗೆ ಮುನ್ಸೂಚನೆ ಇಲ್ಲ.

ಇದು ಒಂದು ರಾತ್ರಿಯ ಮಾತಾಯಿತು. ವರ್ಷಗಳ ಮಾತು ಇದಕ್ಕಿಂತ ಗಂಭೀರವಾದದ್ದು. ಕೋಶದ ಸಾಮರ್ಥ್ಯ 2500 ಮಿಲಿ-ಆಂಪೇರ್-ಗಂಟೆ ಎಂದಿಟ್ಟುಕೊಳ್ಳೋಣ. ಸರಾಸರಿ 3.6 ವೋಲ್ಟಿನಲ್ಲಿ ಅದರ ಶಕ್ತಿ 9 ವಾಟ್-ಗಂಟೆ. ನಿಯಂತ್ರಕದಲ್ಲಿ ಹತ್ತನೆಯ ಒಂದು ಪಾಲು ನಷ್ಟವಾದರೆ ಉಳಿಯುವುದು 8.1. ನಮ್ಮ 5 ವಾಟಿನ ಟಾರ್ಚು 1 ಗಂಟೆ 37 ನಿಮಿಷ ಉರಿಯುತ್ತದೆ. ಎರಡು ಮೂರು ವರ್ಷಗಳ ಬಳಕೆಯಿಂದ ಕೋಶದ ಸಾಮರ್ಥ್ಯ ನೂರಕ್ಕೆ ಎಪ್ಪತ್ತಕ್ಕೆ ಇಳಿಯಿತೆನ್ನಿ. ಆಗ ಅದು ಉರಿಯುವುದು 1 ಗಂಟೆ 8 ನಿಮಿಷ. ಕಡಿಮೆಯಾದ ಆ 29 ನಿಮಿಷಗಳು ಬದುವಿನ ಮೇಲಿರುವವನಿಗೆ ಕಡಿಮೆಯೇನಲ್ಲ. ಆದರೆ ಸಂಜೆ ಮನೆಯಂಗಳದಲ್ಲಿ ಗುಂಡಿ ಒತ್ತಿ ಪರೀಕ್ಷಿಸಿದರೆ ಹೊಸ ಟಾರ್ಚಿಗೂ ಮುದಿ ಟಾರ್ಚಿಗೂ ಬೆಳಕಿನಲ್ಲಿ ಕೂದಲಿನಷ್ಟೂ ಭೇದ ಕಾಣದು. ನಿಯಂತ್ರಕವು ಕೋಶದ ಮುಪ್ಪಿನ ಮೇಲೆ ಪರದೆ ಎಳೆದಿದೆ.

ಮುಪ್ಪು ಬರುವುದಾದರೂ ಹೇಗೆ? ಲಿಥಿಯಮ್ ಕೋಶದಲ್ಲಿ ಒಂದು ಕಡೆ ಗ್ರಾಫೈಟಿನ ಪದರ, ಇನ್ನೊಂದು ಕಡೆ ಲೋಹದ ಆಕ್ಸೈಡಿನ ಪದರ. ಲಿಥಿಯಮ್ ಅಯಾನುಗಳು ಚಾರ್ಜಾಗುವಾಗ ಆಕ್ಸೈಡಿನಿಂದ ಗ್ರಾಫೈಟಿಗೂ ಬಳಕೆಯಾಗುವಾಗ ಗ್ರಾಫೈಟಿನಿಂದ ಆಕ್ಸೈಡಿಗೂ ಸಂಚರಿಸುತ್ತವೆ. ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಈ ಪೊರೆ ದಪ್ಪವಾದಂತೆಲ್ಲ ಒಂದಷ್ಟು ಲಿಥಿಯಮ್ ಅದರಲ್ಲಿ ಸಿಕ್ಕಿಬಿದ್ದು ಸಂಚಾರಕ್ಕೆ ಒದಗದೆ ಹೋಗುತ್ತದೆ. ಆದುದರಿಂದ ಸಾಮರ್ಥ್ಯ ಕುಗ್ಗುತ್ತದೆ. ಅಯಾನುಗಳ ದಾರಿ ಇಕ್ಕಟ್ಟಾಗಿ ಆಂತರಿಕ ರೋಧ ಏರುತ್ತದೆ. ಹೊಸ ಕೋಶದಲ್ಲಿ 0.05 ಓಮ್ ಇದ್ದ ರೋಧ 0.2 ಓಮ್ ಆದರೆ, 1.6 ಆಂಪೇರಿನ ಪ್ರವಾಹದಲ್ಲಿ ಸುಮಾರು 0.3 ವೋಲ್ಟು ಕೋಶದೊಳಗೇ ವ್ಯರ್ಥವಾಗುತ್ತದೆ. ಹೊರಗೆ ಕಾಣುವ ವೋಲ್ಟೇಜು ಬೇಗ ಇಳಿದುಹೋಗಿ, ಒಳಗೆ ಇನ್ನೂ ಶಕ್ತಿಯಿರುವಾಗಲೇ ಕಾವಲು ಮಂಡಲ ಬಾಗಿಲು ಮುಚ್ಚುತ್ತದೆ.

ಈ ಪೊರೆಯ ಬೆಳವಣಿಗೆಯೂ ಒಂದು ರಾಸಾಯನಿಕ ಕ್ರಿಯೆ. ಕಾವು ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗ ಹೇಗೆ ಏರುತ್ತದೆಂಬುದಕ್ಕೆ ಸ್ವೀಡನ್ನಿನ ಅರ್ಹೇನಿಯಸ್ 1889 ರಲ್ಲಿಯೇ ಸೂತ್ರವನ್ನು ಕೊಟ್ಟನು. ಸೀಸ-ಆಮ್ಲ ಬ್ಯಾಟರಿಗಳ ವಿಷಯದಲ್ಲಿ ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮವೊಂದುಂಟು: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಸೆಂಟಿಗ್ರೇಡಿಗೆ ಆಯುಸ್ಸು ಸುಮಾರು ಅರ್ಧವಾಗುತ್ತದೆ. ಲಿಥಿಯಮ್ ಕೋಶಕ್ಕೂ ಕಾವು ಶತ್ರುವೇ. ಪೂರ್ತಿ ಚಾರ್ಜು ಮಾಡಿ ಬಿಸಿಯಲ್ಲಿ ಇಟ್ಟರೆ ಎರಡು ಶತ್ರುಗಳು ಒಟ್ಟುಗೂಡಿದಂತೆ. ಸಗರನಾಡಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಹಗಲಿನ ಕಾವು 40 ಡಿಗ್ರಿಯನ್ನು ದಾಟುವುದು ಹೊಸದಲ್ಲ. ತಗಡಿನ ಮಾಡಿನ ಕೆಳಗೋ ಮೋಟಾರ್‌ಸೈಕಲ್ಲಿನ ಡಬ್ಬಿಯಲ್ಲೋ ಅದು ಇನ್ನೂ ಹೆಚ್ಚು. ಪೆಟ್ಟಿಗೆಯ ಮೇಲೆ ಅಚ್ಚಾದ '500 ಸಲ ಚಾರ್ಜು' ಎಂಬಂಥ ಭರವಸೆಗೆ 25 ಡಿಗ್ರಿಯ ಪ್ರಯೋಗಶಾಲೆಯ ಅಳತೆ ಆಧಾರವಾಗಿದ್ದರೆ, ಆ ಭರವಸೆ ಶಹಾಪುರದ ಬೇಸಗೆಗೆ ಹೊಂದುವುದಿಲ್ಲ.

ಇಷ್ಟಾದರೂ ಅಚ್ಚಾದ ಅಂಕಿ ಪ್ರಾಮಾಣಿಕವಾಗಿದ್ದರೆ ಸಮಾಧಾನಪಡಬಹುದಿತ್ತು. ಟಾರ್ಚುಗಳಲ್ಲಿ ಹೆಚ್ಚಾಗಿ ಬಳಸುವ ಒಂದು ಕೋಶಕ್ಕೆ 18650 ಎಂದು ಹೆಸರು. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಇದರ ತೂಕ ಸುಮಾರು 46 ಗ್ರಾಂ. ಈ ಅಳತೆಯ ಒಳ್ಳೆಯ ಕೋಶಗಳಲ್ಲಿ ಹೆಚ್ಚಿನವುಗಳ ಸಾಮರ್ಥ್ಯ 2000 ದಿಂದ 3500 ಮಿಲಿ-ಆಂಪೇರ್-ಗಂಟೆ. ಆದರೆ ಮಾರುಕಟ್ಟೆಯಲ್ಲಿ '9900' ಎಂಬ ಅಂಕಿಯನ್ನು ಹೊತ್ತ ಕೋಶಗಳೂ ಸಿಗುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿ ಸಹ ಇದನ್ನು ಪರೀಕ್ಷಿಸಬಲ್ಲನು. 9900 ನಿಜವಾದರೆ ಅದರ ಶಕ್ತಿ 35 ವಾಟ್-ಗಂಟೆಗೂ ಹೆಚ್ಚು. ಕಿಲೋಗ್ರಾಂ ಒಂದಕ್ಕೆ 770 ವಾಟ್-ಗಂಟೆಗೂ ಮೇಲಾಯಿತು. ಈ ಬಗೆಯ ಉತ್ತಮ ಕೋಶಗಳು ತಲಪಿರುವುದು ಕಿಲೋಗ್ರಾಮಿಗೆ ಸುಮಾರು 270 ರವರೆಗೆ. ಹಾಗಾದರೆ ಆ ಅಂಕಿ ಸುಳ್ಳು. ಅಕ್ಕಸಾಲಿಗನ ತಕ್ಕಡಿಯಲ್ಲಿ ಇಟ್ಟಾಗ ಅಂಥ ಕೋಶ 46 ಗ್ರಾಮಿಗಿಂತ ಬಹಳ ಹಗುರವಾಗಿ ಕಂಡರೆ, ಸುಳ್ಳು ಅಂಕಿಯೊಂದಿಗೆ ಟೊಳ್ಳು ಹೊಟ್ಟೆಯೂ ಇದೆಯೆಂದು ಸಂಶಯಪಡಬೇಕು.

ನಿಯಂತ್ರಕವೂ ಲಿಥಿಯಮ್ ಕೋಶವೂ ಸೇರಿದ ಇನ್ನೊಂದು ಉಪಕರಣವನ್ನು ಕುರಿತು ಯುವಕರಾದ ನಮ್ಮ ವಾಚಕರೊಡನೆ ಮರೆಯಿಲ್ಲದೆ ಮಾತಾಡಬೇಕಾಗಿದೆ. ಅದು ಇ-ಸಿಗರೇಟು. ಅದರಲ್ಲಿ ದೀಪದ ಬದಲು ಕಾಯುವ ತಂತಿಯ ಸುರುಳಿ; ಅದು ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಕರ್ನಾಟಕ ಸರ್ಕಾರ 2016 ರ ಜೂನ್‌ನಲ್ಲಿಯೇ ಇದನ್ನು ನಿಷೇಧಿಸಿತು. 2019 ರ ಕೇಂದ್ರ ಶಾಸನದ ಪ್ರಕಾರ ದೇಶದಲ್ಲೆಲ್ಲ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಆದರೂ 'ಇದರಲ್ಲಿ ನಿಯಂತ್ರಕವುಂಟು, ಬ್ಯಾಟರಿ ಬಹಳ ಬಾಳುತ್ತದೆ, ನಂಬಬಹುದು' ಎಂಬ ಹೊಗಳಿಕೆ ತರುಣರ ಕಿವಿಗೆ ಬೀಳದೆ ಇರದು. ಈ ಮಾತನ್ನು ಎರಡಾಗಿ ಬಿಡಿಸಿ ನೋಡಬೇಕು.

ನಿಯಂತ್ರಕವು ಇಲ್ಲಿಯೂ ಮುಪ್ಪನ್ನು ಮರೆಮಾಚುತ್ತದೆ, ಅದೂ ಹೆಚ್ಚು ಅಪಾಯಕರವಾಗಿ. ಒಂದೇ ಕೋಶದಿಂದ 40 ವಾಟ್ ಸೆಳೆಯುವ ಸಾಧನಕ್ಕೆ 4.2 ವೋಲ್ಟಿನಲ್ಲಿ 9.5 ಆಂಪೇರ್ ಬೇಕಾದರೆ 3.2 ವೋಲ್ಟಿನಲ್ಲಿ 12.5 ಆಂಪೇರ್ ಬೇಕು. ಕೋಶದೊಳಗೆ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ರೋಧ ಬದಲಾಗದಿದ್ದರೂ ಅದು ಒಂದೂಮುಕ್ಕಾಲು ಪಾಲಿನಷ್ಟಾಗುತ್ತದೆ. ಮುದಿ ಕೋಶದಲ್ಲಿ ರೋಧವೂ ಏರಿರುತ್ತದೆ. ಕೀಳುದರ್ಜೆಯ ಕೋಶವೋ ಪೆಟ್ಟುಬಿದ್ದ ಕೋಶವೋ ಆಗಿದ್ದರೆ ಪರಿಣಾಮ ಘೋರವಾಗಬಹುದು. 2009 ರಿಂದ 2016 ರ ಕೊನೆಯವರೆಗೆ ಅಮೆರಿಕದಲ್ಲಿ ಇ-ಸಿಗರೇಟುಗಳಿಗೆ ಬೆಂಕಿ ಹತ್ತಿದ ಅಥವಾ ಅವು ಸಿಡಿದ 195 ಪ್ರಸಂಗಗಳನ್ನು ಅಲ್ಲಿನ ಅಗ್ನಿಶಾಮಕ ಆಡಳಿತವು 2017 ರ ವರದಿಯಲ್ಲಿ ಪಟ್ಟಿಮಾಡಿತು. ಅವುಗಳಲ್ಲಿ ಅನೇಕವು ಸಾಧನವು ಜೇಬಿನಲ್ಲಿದ್ದಾಗಲೇ ಸಂಭವಿಸಿದವು.

ಎರಡನೆಯದು ಇನ್ನೂ ಮುಖ್ಯ. ಸಾಧನವು ನಂಬಿಕೆಗೆ ಅರ್ಹವೆಂದರೆ ಏನರ್ಥ? ತನಗೆ ಒಪ್ಪಿಸಿದ ಕೆಲಸವನ್ನು ತಪ್ಪದೆ ಮಾಡುತ್ತದೆ ಎಂದಷ್ಟೆ. ಆ ಕೆಲಸ ಒಳ್ಳೆಯದೇ ಎಂಬ ಪ್ರಶ್ನೆಗೆ ನಿಯಂತ್ರಕ ಉತ್ತರ ಹೇಳುವುದಿಲ್ಲ. ತಪ್ಪದೆ ಉರಿಯುವ ಟಾರ್ಚು ಪ್ರಾಣವನ್ನು ಉಳಿಸುತ್ತದೆ. ತಪ್ಪದೆ ನಿಕೋಟಿನ್ ಒದಗಿಸುವ ಯಂತ್ರವು ವ್ಯಸನವನ್ನು ತಪ್ಪದೆ ಬೆಳೆಸುತ್ತದೆ. ಬ್ಯಾಟರಿ ಚೆನ್ನಾಗಿದೆಯೆಂಬುದು ಅದನ್ನು ಬಾಯಿಗಿಡಲು ಕಾರಣವಾಗಲಾರದು. ಇದರಲ್ಲಿ ಮತ್ತೊಂದು ವಿಪರ್ಯಾಸವನ್ನೂ ಗಮನಿಸಬೇಕು. ಒಂದೇ ಸಲ ಬಳಸಿ ಎಸೆಯುವ ಇ-ಸಿಗರೇಟುಗಳ ಕೋಶಗಳನ್ನು ಹೊರತೆಗೆದು ಇಂಗ್ಲೆಂಡಿನ ವಿಜ್ಞಾನಿಗಳು ಪರೀಕ್ಷಿಸಿ, ಅವು ನೂರಾರು ಸಲ ಚಾರ್ಜು ಮಾಡಿಸಿಕೊಳ್ಳಬಲ್ಲವೆಂದು 2023 ರಲ್ಲಿ ಪ್ರಕಟಿಸಿದರು. ನೂರಾರು ರಾತ್ರಿ ಒಂದು ಗುಡಿಸಲನ್ನು ಬೆಳಗಬಹುದಾಗಿದ್ದ ಕೋಶವನ್ನು ಒಂದು ವಾರದ ಹೊಗೆಗಾಗಿ ತಿಪ್ಪೆಗೆ ಎಸೆಯುತ್ತಿದ್ದರು. ಬ್ರಿಟನ್ ದೇಶವು 2025 ರ ಜೂನ್ 1 ರಿಂದ ಇಂಥವುಗಳ ಮಾರಾಟವನ್ನು ನಿಲ್ಲಿಸಿತು.

ಈಗ ನಮ್ಮ ಅಭಿಪ್ರಾಯವನ್ನು ಸ್ಪಷ್ಟಪಡಿಸುತ್ತೇವೆ. ನಿಯಂತ್ರಕವನ್ನು ದೂರುವುದು ನಮ್ಮ ಉದ್ದೇಶವಲ್ಲ. ಬೆಳಕನ್ನು ಕಾಯುವ ಅದೇ ಮಂಡಲವು ನಿಜವನ್ನೂ ಹೇಳಬೇಕೆಂಬುದೇ ನಮ್ಮ ಆಗ್ರಹ. ಕೋಶದ ವೋಲ್ಟೇಜನ್ನು ಅದು ಸದಾ ಅಳೆಯುತ್ತಲೇ ಇರುತ್ತದೆ. ಕೊನೆಯ ಕಾಲು ಗಂಟೆ ಉಳಿದಾಗ ಬೆಳಕನ್ನು ಅರ್ಧಕ್ಕೆ ಇಳಿಸಿ, ಮನೆ ಸೇರುವಷ್ಟು ಹೊತ್ತು ಮಿತವಾಗಿ ಉರಿಸುವಂತೆ ಅದನ್ನು ರಚಿಸುವುದು ಕಷ್ಟವಲ್ಲ. ಉತ್ತಮ ದರ್ಜೆಯ ಕೆಲವು ಟಾರ್ಚುಗಳಲ್ಲಿ ಈ ಏರ್ಪಾಟು ಈಗಾಗಲೇ ಉಂಟು. ಬೆಲೆ ಹೆಚ್ಚುವುದೆಂದು ತಯಾರಕರು ಹೇಳಬಹುದು. ಬಡವನಿಗೆ ಪ್ರತಿ ರೂಪಾಯಿಯೂ ಮುಖ್ಯವೆಂಬುದನ್ನು ನಾವೂ ಬಲ್ಲೆವು. ಆದರೆ ಎರಡು ಬೇಸಗೆಗೆ ಸೋಲುವ ಅಗ್ಗದ ಟಾರ್ಚನ್ನು ಮೂರು ಸಲ ಕೊಳ್ಳುವವನು ಉಳಿಸಿದ್ದೇನು?

ಎರಡನೆಯದಾಗಿ, ಪೆಟ್ಟಿಗೆಯ ಮೇಲೆ ವಾಟ್-ಗಂಟೆಯನ್ನೂ, ಎಷ್ಟು ಸಲ ಚಾರ್ಜಾದ ಮೇಲೆ ಸಾಮರ್ಥ್ಯ ನೂರಕ್ಕೆ ಎಂಬತ್ತಕ್ಕೆ ಇಳಿಯುವುದೆಂಬುದನ್ನೂ, ಆ ಅಳತೆಯನ್ನು ಎಷ್ಟು ಡಿಗ್ರಿ ಕಾವಿನಲ್ಲಿ ಮಾಡಿದ್ದೆಂಬುದನ್ನೂ ಕನ್ನಡದಲ್ಲಿ ಅಚ್ಚು ಮಾಡಬೇಕು. ಭಾರತೀಯ ಮಾನಕ ಬ್ಯೂರೋವಿನ ಐಎಸ್ 16046 ಎಂಬ ಮಾನಕವು ಇಂಥ ಕೋಶಗಳ ಸುರಕ್ಷತೆಯನ್ನು ಪರೀಕ್ಷಿಸುತ್ತದೆ. ಅದು ಅಗತ್ಯ, ಆದರೆ ಸಿಡಿಯದಿರುವುದು ಬೇರೆ, ಬಾಳುವುದು ಬೇರೆ. 40 ಡಿಗ್ರಿಯಲ್ಲಿ ಎಷ್ಟು ಬಾಳುವುದೆಂಬ ಅಂಕಿಯೂ ನಮ್ಮ ದೇಶಕ್ಕೆ ಬೇಕು. ಮೂರನೆಯದಾಗಿ, ಸೋತ ಕೋಶವನ್ನು ಬಳಸುವವನೇ ತೆಗೆದು ಹೊಸದನ್ನು ಹಾಕುವಂತಿರಬೇಕು. ಯೂರೋಪಿನ ಒಕ್ಕೂಟವು 2023 ರಲ್ಲಿ ಮಾಡಿದ ಕಾನೂನು ಇದನ್ನು 2027 ರ ಫೆಬ್ರವರಿ 18 ರಿಂದ ಜಾರಿಗೆ ಬರುವಂತೆ ವಿಧಿಸಿದೆ. ನಮ್ಮ 2022 ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬದುಕಿರುವ ಬ್ಯಾಟರಿಯ ವಿಷಯದಲ್ಲಿಯೂ ಅಂಥ ಹೊಣೆ ಬರಬೇಕು.

ಕಾನೂನು ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನಮ್ಮ ವಿದ್ಯಾರ್ಥಿ ಮಿತ್ರರು ಈ ರಜೆಯಲ್ಲಿಯೇ ಒಂದು ಕೆಲಸವನ್ನು ಕೈಗೊಳ್ಳಬಹುದು. ಮನೆಯ ಟಾರ್ಚನ್ನು ಪೂರ್ತಿ ಚಾರ್ಜು ಮಾಡಿ, ಉರಿಸಿಟ್ಟು, ಅದು ಆರುವವರೆಗಿನ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಇದನ್ನೇ ಮಾಡಿ, ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿ. ಪ್ರತಿ ಸಲವೂ ಆ ದಿನದ ಕಾವನ್ನೂ ಬರೆಯಿರಿ. ಒಂದು ಶಾಲೆಯ ಇಪ್ಪತ್ತು ಮಂದಿ ಸೇರಿ ಹೀಗೆ ಎರಡು ವರ್ಷ ನಡೆಸಿದರೆ, ಯಾವ ಟಾರ್ಚು ಸಗರನಾಡಿನ ಬಿಸಿಲಿಗೆ ತಡೆಯುತ್ತದೆ, ಯಾವುದು ತಡೆಯದು ಎಂಬ ವಿಷಯದಲ್ಲಿ ಯಾವ ಜಾಹೀರಾತಿಗಿಂತಲೂ ಬೆಲೆಯುಳ್ಳ ಜ್ಞಾನ ದೊರೆಯುತ್ತದೆ. ಕೋಶವನ್ನು ಮಾತ್ರ ಒಡೆಯಬೇಡಿ, ಚುಚ್ಚಬೇಡಿ. ಉಬ್ಬಿದ ಕೋಶವನ್ನು ಚಾರ್ಜು ಮಾಡಬೇಡಿ. ಬಹುಕಾಲ ಬಳಸದೆ ಇಡುವುದಾದರೆ ಅರ್ಧ ಚಾರ್ಜು ಮಾಡಿ ತಂಪಾದ ಕಡೆ ಇಡಿ. ಮತ್ತು ಮನೆಯವರು ನೀರು ಹಾಯಿಸಲು ಹೊರಟಾಗ ಈ ಟಾರ್ಚು ಇಷ್ಟು ನಿಮಿಷ ಮಾತ್ರ ಉರಿಯುವುದೆಂದು ಲೆಕ್ಕ ಹೇಳಿ, ಅದು ಸಾಲದಾದರೆ ಇನ್ನೊಂದನ್ನು ಜೊತೆಗೆ ಕೊಟ್ಟು ಕಳುಹಿಸಿ.

ಇಸಾಂಪುರದ ಆದಿಮಾನವನಿಗೆ ಕಲ್ಲಿನ ಮೊಂಡುತನ ಕೈಗೆ ತಿಳಿಯುತ್ತಿತ್ತು. ನಮ್ಮ ಉಪಕರಣಗಳ ಮುಪ್ಪು ಕೈಗೆ ತಿಳಿಯದು, ಕಣ್ಣಿಗೆ ಕಾಣದು. ಅದನ್ನು ಅಳೆದೇ ತಿಳಿಯಬೇಕು. ಅಳೆಯುವುದನ್ನು ಕಲಿತವನು ಅಚ್ಚಾದ ಅಂಕಿಗೆ ಮರುಳಾಗುವುದಿಲ್ಲ, ಕತ್ತಲೆಯಲ್ಲಿ ಕೈಬಿಡುವ ದೀಪವನ್ನು ನಂಬಿ ಬದುವಿಗೆ ಇಳಿಯುವುದೂ ಇಲ್ಲ.